ಮುನ್ನೂರ ಹನ್ನೆರಡು ಇಟ್ಟಂಗಿ

ಅಯ್ಯನವರು ತೀರಿಕೊಂಡು ಆಗಲೇ ತಿಂಗಳಾಗಿದೆ ಎಂದು ನನಗೆ ಹೇಳಿದವನು ಬಳ್ಳಾರಿಯಲ್ಲಿ ಔಷಧದ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬ. ಮಾತ್ರೆಗಳನ್ನು ಪೊಟ್ಟಣಕ್ಕೆ ಹಾಕುತ್ತಾ, "ಮೇಡಂ, ನಮ್ಮ ಲ್ಯಾಬಿನ ಅಯ್ಯಾರು ಹೋದ್ರಲ್ರೀ, ಕುರುಗೋಡದಾಗ. ನಿಮಗ ಗೊತ್ತಾಗಿರಬೇಕು" ಎಂದ. ನನಗೆ ಗೊತ್ತಾಗಿರಲಿಲ್ಲ. ಆದರೂ ಹೂಂ ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಆ ಸಣ್ಣ ಸುಳ್ಳೇ ಕೊರೆಯತೊಡಗಿತು. ಅವರ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದಾಗಿರಲಿಲ್ಲ.

ಇಪ್ಪತ್ತೆರಡನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ನೆನಪನ್ನು ನಂಬಬಾರದು ಎಂದು ನನಗೆ ಕಲಿಸಿದ್ದು ಆ ನೋಟುಪುಸ್ತಕಗಳೇ. ನನ್ನ ನೆನಪಿನಲ್ಲಿ ಅಯ್ಯನವರು ಯಾವಾಗಲೂ ಬಿಳಿ ಪಂಚೆಯಲ್ಲಿರುತ್ತಾರೆ, ಹಣೆತುಂಬ ವಿಭೂತಿ. ದಿನಚರಿಯಲ್ಲಿ ನೋಡಿದರೆ ಖಾಕಿ ಪ್ಯಾಂಟು, ಆ್ಯಸಿಡ್ ಬಿದ್ದು ತೂತಾದ ಅಂಗಿ, ವಿಭೂತಿ ಸೋಮವಾರ ಮಾತ್ರ. ಹೀಗಾಗಿ ಇದನ್ನು ಬರೆಯುವಾಗ ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಪುಸ್ತಕದಲ್ಲಿಲ್ಲದ್ದನ್ನು ಬರೆಯುವಾಗ, ಇದು ನೆನಪಿನದು ಎಂದು ಓದುವವರು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರನ್ನು ನಾನು ಕಂಡೂ ಇಲ್ಲ. ಜಂಗಮರ ಮನೆಯವರು, ಆದ್ದರಿಂದ ಎಲ್ಲರ ಬಾಯಲ್ಲೂ ಅಯ್ಯಾರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸಿರುಗುಪ್ಪದ ಕಾಲೇಜಿಗೆ ಕೆಮಿಸ್ಟ್ರಿ ಹೇಳಲು ಹೋದಾಗ ಅವರು ಅಲ್ಲಿ ಪ್ರಯೋಗಶಾಲೆಯ ಅಟೆಂಡರು. ಪ್ರಿನ್ಸಿಪಾಲರಿಗೆ ಇದರಿಂದ ದಿನವೂ ಪೇಚು. ಅಟೆಂಡರನ್ನು ಗದರಿಸಬೇಕು, ಅಯ್ಯನವರನ್ನು ಗದರಿಸುವಂತಿಲ್ಲ. "ಅಯ್ಯಾರ, ತಮ್ಮ ಪಾದಕ್ಕ ಬಿದ್ದು ಕೇಳ್ತೀನಿ, ಆ ಸಿಂಕು ಒಂದೀಟು ತೊಳೀರಿ" ಎನ್ನುತ್ತಿದ್ದರು. ಅಯ್ಯನವರು ಗಂಭೀರವಾಗಿ, "ಆಶೀರ್ವಾದ" ಎಂದು ಹೇಳಿ ಸಿಂಕು ತೊಳೆಯಲು ಹೋಗುತ್ತಿದ್ದರು.

ಪಿಯುಸಿ ಒಂದು ವಿಷಯದಲ್ಲಿ ಉಳಿದಿತ್ತಂತೆ. ಯಾವ ವಿಷಯ ಎಂದು ಕೇಳಿದರೆ "ಅದು ಬ್ಯಾಡ ಬಿಡ್ರಿ" ಎನ್ನುವರು. ಕೆಮಿಸ್ಟ್ರಿಯಂತೂ ಆಗಿರಲಾರದು. ಲೇಬಲ್ ಬಿದ್ದುಹೋದ ಬಾಟಲಿಯನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿದು ಒಳಗಿರುವುದು ಏನೆಂದು ಹೇಳಬಲ್ಲವರಾಗಿದ್ದರು. ಪ್ರಾಯೋಗಿಕ ಪರೀಕ್ಷೆಯ ದಿನ ಹುಡುಗರೆಲ್ಲ ಅವರ ಮುಖವನ್ನೇ ನೋಡುವರು. ಅವರು ಗೋಡೆಯ ಕಡೆ ತಿರುಗಿ ನಿಂತುಬಿಡುತ್ತಿದ್ದರು. ಒಮ್ಮೆ ಒಬ್ಬಳು ಹುಡುಗಿ ಬ್ಯುರೆಟ್ಟಿನ ಗಾಜಿನ ಕೊಳವೆ ಒಡೆದು ಅಳತೊಡಗಿದಾಗ, "ಅಳಬ್ಯಾಡವಾ, ಅದು ಮೊದಲ ಬಿರುಕು ಬಿಟ್ಟಿತ್ತು, ನಾನ ಹೇಳೋದು ಮರ್ತಿದ್ದೆ" ಎಂದರು. ಆ ಬ್ಯುರೆಟ್ಟನ್ನು ಆ ಬೆಳಿಗ್ಗೆಯಷ್ಟೇ ಹೊಸ ಪೆಟ್ಟಿಗೆಯಿಂದ ತೆಗೆದದ್ದನ್ನು ನಾನು ನೋಡಿದ್ದೆ.

ಪ್ರಯೋಗಶಾಲೆಗೆ ಹೊಂದಿಕೊಂಡು ಬ್ಯಾಲೆನ್ಸ್ ರೂಮು ಎಂಬ ಸಣ್ಣ ಕೋಣೆ. ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಗಳು ಅಲುಗಬಾರದೆಂದು ಅಲ್ಲಿ ಗೋಡೆಯೊಳಗೇ ಕಡಪ ಕಲ್ಲು ಕೂಡಿಸಿದ್ದರು. ಫ್ಯಾನೂ ಇರಲಿಲ್ಲ. ಸೇರಿ ಎರಡು ವಾರವಾಗಿರಬೇಕು, ಸಂಜೆ ಐದರ ಹೊತ್ತಿಗೆ ಮರೆತ ಛತ್ರಿಗಾಗಿ ಹೋದವಳು ಅಲ್ಲಿ ಅವರನ್ನು ಕಂಡೆ. ಕಡಪ ಕಲ್ಲಿನ ಮೇಲೆ ಒಂದು ವಾರಪತ್ರಿಕೆ ಬಿಚ್ಚಿಟ್ಟಿತ್ತು. ಅದರ ಮೇಲೆ ಉದ್ದನೆಯ ಸ್ಕೇಲು. ಪಕ್ಕದಲ್ಲಿ ಕೆಂಪು, ಬಿಳಿ, ಹಳದಿ, ಹಸಿರು ಬಣ್ಣದ ಪ್ಲಾಸ್ಟಿಕ್ ತುಂಡುಗಳು. ಒಂದರ ತಲೆಯ ಮೇಲಿನ ಗುಬುಟುಗಳು ಇನ್ನೊಂದರ ಹೊಟ್ಟೆಯೊಳಗೆ ಕೂತು ಕಚ್ಚಿಕೊಳ್ಳುವಂಥ ಮಕ್ಕಳ ಆಟದ ತುಂಡುಗಳು. ಐವತ್ತು ದಾಟಿದ ಮನುಷ್ಯ ಅವುಗಳಿಂದ ಏನೋ ಕಟ್ಟುತ್ತಿದ್ದರು.

"ಮೊಮ್ಮಕ್ಕಳಿಗೇನ್ರೀ ಅಯ್ಯಾರ?" ಎಂದೆ.

"ಮೊಮ್ಮಗಳಿಗೆ ನೋಡಾಕಷ್ಟ. ಮುಟ್ಟಾಕ ಮದುವಿ ಆದ ಮ್ಯಾಲೆ ಕೊಡ್ತೀನಿ ಅಂದೀನಿ."

"ಆಕೀಗೆ ಎಷ್ಟು ವಯಸ್ಸು?"

"ಮೂರು" ಎಂದರು, ತಲೆ ಎತ್ತದೆ.

ಹಿಂದೆ ಅಲ್ಲಿದ್ದ ಲೆಕ್ಚರರು ವರ್ಗವಾಗಿ ಹೋಗುವಾಗ, ತಮ್ಮ ಮಕ್ಕಳು ಆಡಿ ಬಿಟ್ಟ ಡಬ್ಬಿಯನ್ನು ಇವರಿಗೆ ಕೊಟ್ಟುಹೋಗಿದ್ದರಂತೆ. ಅವನ್ನು ಅಯ್ಯನವರು ಇಟ್ಟಂಗಿ ಎನ್ನುತ್ತಿದ್ದರು. ಒಟ್ಟು ಮುನ್ನೂರ ಹನ್ನೆರಡು ಇಟ್ಟಂಗಿ. ಈ ಸಂಖ್ಯೆಯ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಕಟ್ಟಿದ್ದನ್ನು ಕೆಡವಿ ಡಬ್ಬಿಗೆ ತುಂಬುವಾಗ ಪ್ರತಿ ಸಲವೂ ಗಟ್ಟಿಯಾಗಿ ಎಣಿಸುತ್ತಿದ್ದರು. ಒಮ್ಮೆ ಮುನ್ನೂರ ಹನ್ನೊಂದಕ್ಕೆ ನಿಂತಿತು. ಸಿಂಕಿನ ಕೊಳವೆ ಬಿಚ್ಚಿಸಿದರು, ಕಸದ ಬುಟ್ಟಿ ಬೋರಲು ಹಾಕಿದರು. ಕೊನೆಗೆ ಅದು ಸಿಕ್ಕಿದ್ದು ತೂಕದ ಪೆಟ್ಟಿಗೆಯಲ್ಲಿ. ಎರಡು ಗ್ರಾಮಿನ ತೂಕ ಕಳೆದುಹಾಕಿದ ಹುಡುಗನೊಬ್ಬ, ಅದರ ಗೂಡಿನಲ್ಲಿ ಒಂದು ಕೆಂಪು ಇಟ್ಟಂಗಿ ಕೂಡಿಸಿ ಇಡೀ ತರಗತಿಯಿಂದ ಒಂದು ವಾರ ಅದರಿಂದಲೇ ತೂಗಿಸಿದ್ದ. "ಅದಕ್ಕ ಈ ವಾರ ಎಲ್ಲಾರ ಉತ್ತರಾನೂ ಒಂದ ರೀತಿ ತಪ್ಪು ಬಂದಾವ ನೋಡ್ರಿ" ಎಂದು ಅಯ್ಯನವರು ನಕ್ಕರು. ಸಿಟ್ಟಾಗಲಿಲ್ಲ.

ಕಟ್ಟುತ್ತಿದ್ದುದು ಏನು ಎಂದು ಹೇಳಬೇಕು. ಆ ವಾರಪತ್ರಿಕೆಯಲ್ಲಿ ಆಗ ಒಂದು ವೈಜ್ಞಾನಿಕ ಧಾರಾವಾಹಿ ಬರುತ್ತಿತ್ತು. ಏಳು ಕುಟುಂಬಗಳು ಒಂದೇ ನೌಕೆಯಲ್ಲಿ ದೂರದ ಗ್ರಹವೊಂದಕ್ಕೆ ಹೊರಟ ಕತೆ. ದಾರಿ ಸವೆಯಲು ನಲವತ್ತು ವರ್ಷ ಬೇಕು. ಅಷ್ಟರಲ್ಲಿ ಮಕ್ಕಳು ಹುಟ್ಟುತ್ತವೆ, ಶಾಲೆ ಬೇಕಾಗುತ್ತದೆ, ಅಣ್ಣತಮ್ಮಂದಿರು ಜಗಳವಾಡಿ ಬೇರೆ ಕೋಣೆ ಕೇಳುತ್ತಾರೆ. ಆಕಾಶದಲ್ಲಿ ಹೊಸ ಸಾಮಾನು ಎಲ್ಲಿಂದ ಬರಬೇಕು? ಇದ್ದ ಗೋಡೆಯನ್ನೇ ಕಿತ್ತು ಇನ್ನೊಂದೆಡೆ ನಿಲ್ಲಿಸಬೇಕು. ಉಗ್ರಾಣ ಹೋಗಿ ಶಾಲೆಯಾಗುತ್ತದೆ, ಶಾಲೆಯ ಅರ್ಧ ಹೋಗಿ ತೋಟವಾಗುತ್ತದೆ. ಹೀಗೆ ನೌಕೆ ವಾರವಾರಕ್ಕೂ ಬದಲಾಗುತ್ತಿತ್ತು. ಅಯ್ಯನವರೂ ವಾರವಾರಕ್ಕೂ ಕೆಡವಿ ಕಟ್ಟುತ್ತಿದ್ದರು.

ಅದಕ್ಕೊಂದು ನೇಮವಿತ್ತು. ಅಧ್ಯಾಯವನ್ನು ಮೊದಲೇ ಓದಿ ಮುಗಿಸುತ್ತಿರಲಿಲ್ಲ. ಒಂದು ಪ್ಯಾರಾ ಓದಬೇಕು, ಅದರಲ್ಲಿ ಏನಿದೆಯೋ ಅಷ್ಟನ್ನು ಕಟ್ಟಬೇಕು, ಆಮೇಲೆ ಮುಂದಿನ ಪ್ಯಾರಾ. ಮುಂದಿನ ಪ್ಯಾರಾದಲ್ಲಿ ಗೋಡೆ ಬಿದ್ದರೆ ಇವರೂ ಬೀಳಿಸಬೇಕು.

"ಒಮ್ಮೆಲೆ ಓದಿದ್ರ ಕೆಡವೋ ಕೆಲಸ ಉಳೀತೈತಲ್ರೀ" ಎಂದಿದ್ದೆ.

"ಹಡಗಿನ್ಯಾಗ ಇದ್ದವ್ರು ಮೊದಲ ಓದಿರ್ತಾರೇನು? ಅವ್ರಿಗೆ ಗೊತ್ತಿಲ್ಲದ್ದು ನನಗ್ಯಾಕ ಗೊತ್ತಿರಬೇಕು?"

ಪತ್ರಿಕೆಯ ಚಿತ್ರಕಾರನ ಮೇಲೆ ಅವರಿಗೆ ಬಹಳ ಬೇಜಾರು. ಆತ ನೌಕೆಗೆ ಮೀನಿನ ರೆಕ್ಕೆ ಬರೆಯುತ್ತಿದ್ದ. "ಬರದವ್ರು ಎಲ್ಲೂ ರೆಕ್ಕಿ ಅಂದಿಲ್ಲ. ಈತ ಎಲ್ಲಿಂದ ತಂದ?" ಎಂದು ಪತ್ರಿಕೆ ಅಂಚೆಯಲ್ಲಿ ಬಂದ ಗಳಿಗೆಯೇ ಕಣ್ಣು ಬೇರೆ ಕಡೆ ತಿರುಗಿಸಿ ಚಿತ್ರದ ಮೇಲೆ ಬಿಳಿ ಕಾಗದ ಅಂಟಿಸುತ್ತಿದ್ದರು. ಲೇಬಲ್ಲಿಗೆಂದು ತರಿಸಿದ ಕಾಲೇಜಿನ ಗೋಂದು.

ಗಣಿತದ ಲೆಕ್ಚರರೊಬ್ಬರಿದ್ದರು, ಆಂಧ್ರದ ಕಡೆಯವರು, ಅರ್ಧ ತೆಲುಗು ಅರ್ಧ ಕನ್ನಡ. ಅಯ್ಯನವರನ್ನು ಕೆಣಕುವುದು ಅವರಿಗೆ ಮಧ್ಯಾಹ್ನದ ಊಟದಷ್ಟೇ ಅಗತ್ಯ. "ಏಮಂಡೀ ಅಯ್ಯಾರ, ಚಂದ್ರಲೋಕಕ್ಕ ಬಸ್ಸು ಎಷ್ಟೊತ್ತಿಗೆ?"

"ಮೊದಲ ಸಿರುಗುಪ್ಪದ ಬಸ್ಸು ಟೈಮಿಗೆ ಬರ್ಲಿ ಸರ್. ಆಮ್ಯಾಲೆ ಅದನ್ನ ನೋಡೋಣಂತ."

ಒಂದು ಸಲ ಹುಡುಗರನ್ನು ಕರೆದುಕೊಂಡು ಸಂಗನಕಲ್ಲು ಗುಡ್ಡಕ್ಕೆ ಹೋಗಿದ್ದೆವು. ಸಾವಿರಾರು ವರ್ಷದ ಹಿಂದಿನವರು ಕಲ್ಲಿನ ಕೊಡಲಿ ಕೆತ್ತುತ್ತಿದ್ದ ಜಾಗ, ಚಕ್ಕೆಗಳು ಇನ್ನೂ ಅಲ್ಲೇ ಬಿದ್ದಿವೆ. ಹುಡುಗರು ಜೇಬು ತುಂಬಿಕೊಳ್ಳತೊಡಗಿದರು. ಅಯ್ಯನವರು ಅರ್ಧ ಕೆತ್ತಿದ ಒಂದು ಕಲ್ಲನ್ನು ಎತ್ತಿ, ತಿರುಗಿಸಿ ನೋಡಿ, ಎತ್ತಿದ ಜಾಗದಲ್ಲಿಯೇ, ಎದ್ದ ಮಣ್ಣಿನ ಗುಳಿಗೆ ಸರಿಯಾಗಿ ಕೂಡುವಂತೆ ಇಟ್ಟರು. "ಇಡ್ರೋ ಎಲ್ಲಾ. ಅವ್ರು ಕೆಲಸ ಅರ್ಧಕ್ಕ ಬಿಟ್ಟು ಊಟಕ್ಕ ಹೋಗ್ಯಾರ" ಎಂದರು. ಹುಡುಗರು ನಕ್ಕರು, ಆದರೆ ಜೇಬು ಖಾಲಿ ಮಾಡಿದರು. ಇದು ದಿನಚರಿಯಲ್ಲಿ ಇದೆ. ಹುಡುಗರು ಜೇಬು ಖಾಲಿ ಮಾಡಿದರು ಎಂಬುದು ಮಾತ್ರ ಇಲ್ಲ.

ಈಗ ನನ್ನ ಪಾಲಿನ ಭಾಗಕ್ಕೆ ಬರಬೇಕು.

ಆ ವರ್ಷ ಬಳ್ಳಾರಿಯಲ್ಲಿ ವಿಜ್ಞಾನ ಪ್ರದರ್ಶನ. ನಮ್ಮ ಕಾಲೇಜಿನಿಂದ ಏನಾದರೂ ಇಡಲೇಬೇಕೆಂದು ಪ್ರಿನ್ಸಿಪಾಲರು ಹಟ ಹಿಡಿದರು. ನಾನು ಅಯ್ಯನವರ ನೌಕೆಯ ಹೆಸರು ಹೇಳಿದೆ. ಧಾರಾವಾಹಿ ಮುಗಿಯಲು ಬಂದಿತ್ತು. ಕೊನೆಯ ಅಧ್ಯಾಯಕ್ಕೆ ಮುಂಚಿನ ನೌಕೆ ಬಲು ಚೆಂದ ಬಂದಿತ್ತು. ಒಂದು ಮೊಳ ಉದ್ದ, ಮೇಲ್ಚಾವಣಿ ಎತ್ತಿದರೆ ಒಳಗೆ ಏಳು ಮನೆ, ನಡುವೆ ಹಸಿರು ಇಟ್ಟಂಗಿಯ ತೋಟ.

ಅಯ್ಯನವರು ಬಹಳ ಯೋಚಿಸಿ ಒಪ್ಪಿದರು. "ಆದ್ರ ಮೂರು ದಿನ ಅಂದ್ರ ಮೂರ ದಿನ. ಗುರುವಾರ ಕೊನೇ ಸಂಚಿಕಿ ಬರ್ತೈತಿ. ಅವತ್ತು ನನಗ ಮುನ್ನೂರ ಹನ್ನೆರಡೂ ಕೈಯಾಗ ಬೇಕು. ಎರಡು ವರ್ಷದಿಂದ ಕಾದೀನಿ, ಮೇಡಂ. ಅವ್ರು ಹೋಗಿ ಮುಟ್ಟೋ ದಿನ ನನ್ನ ಕೈ ಖಾಲಿ ಇರಬಾರದು."

ಶನಿವಾರ ಅರ್ಧ ದಿನ. ನೌಕೆಯನ್ನು ನಾನು ಸಂಜೆಯ ಬಸ್ಸಿಗೆ ಬಳ್ಳಾರಿಯ ನಮ್ಮ ಮನೆಗೆ ಒಯ್ಯುವುದು, ಅವರು ತಮ್ಮೂರು ಕುರುಗೋಡಿಗೆ ಹೋಗಿ ಸೋಮವಾರ ಅಲ್ಲಿಂದ ನೇರ ಪ್ರದರ್ಶನಕ್ಕೆ ಬರುವುದು ಎಂದಾಯಿತು. ನೌಕೆಯನ್ನು ಬುಟ್ಟಿಗೆ ಇಳಿಸುವಾಗ ಮೂಲೆಯ ನಾಲ್ಕು ಇಟ್ಟಂಗಿ ಕಳಚಿ ಬಿದ್ದವು. ಆಗಿನ ಆ ರಸ್ತೆ ಬಲ್ಲವರಿಗೆ ಗೊತ್ತು, ತೆಕ್ಕಲಕೋಟೆ ದಾಟುವುದರೊಳಗೆ ಮನುಷ್ಯರ ಕೀಲೇ ಕಳಚುತ್ತಿತ್ತು. ನಾನು ಕೆಮಿಸ್ಟ್ರಿ ಓದಿದವಳು. ಆ ಬಗೆಯ ಪ್ಲಾಸ್ಟಿಕ್ಕು ಕ್ಲೋರೋಫಾರಮಿನಲ್ಲಿ ಕರಗುತ್ತದೆ ಎಂಬುದು ಗೊತ್ತಿತ್ತು. ಸಂದಿಗೆ ಒಂದು ಹನಿ ಬಿಟ್ಟರೆ ಎರಡೂ ಕಡೆ ಒಂದಿಷ್ಟು ಕರಗಿ, ಒಣಗಿದ ಮೇಲೆ ಒಂದೇ ತುಂಡಾಗುತ್ತದೆ. ಗೋಂದಿನ ಕಲೆಯೂ ಇರುವುದಿಲ್ಲ. ಡ್ರಾಪರು ಹಿಡಿದು ಎರಡು ಗಂಟೆ ಕೂತು ಒಂದೊಂದು ಸಂದಿಗೂ ಹನಿ ಬಿಟ್ಟೆ. ಚಾವಣಿಗೂ.

ಬಹಳ ವರ್ಷ ನಾನು ಈ ಕತೆಯನ್ನು ಬೇರೆ ರೀತಿ ಹೇಳುತ್ತಿದ್ದೆ. ಅದರಲ್ಲಿ ಅಯ್ಯನವರು ನನ್ನ ಪಕ್ಕದಲ್ಲೇ ನಿಂತಿರುತ್ತಾರೆ, ಬಾಟಲಿಯ ಬಿರಡೆ ತೆಗೆದುಕೊಡುತ್ತಾರೆ, "ಹಂಗ ಮಾಡ್ರಿ" ಎಂದು ತಲೆಯಾಡಿಸುತ್ತಾರೆ. ಅವರ ಬೆರಳ ಮೇಲಿನ ಹಳದಿ ಕಲೆಯೂ ನನಗೆ ಕಾಣುತ್ತಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ತೋರಿರಲಿಲ್ಲ. ಮೊನ್ನೆ ದಿನಚರಿ ತೆಗೆದರೆ ಆ ಶನಿವಾರದ ಪುಟದಲ್ಲಿ ನನ್ನದೇ ಅಕ್ಷರ: "ಅಯ್ಯನವರು ಒಂದೂವರೆ ಬಸ್ಸಿಗೆ ಹೋದರು. ಕ್ಲೋರೋಫಾರಂ ಉಪಾಯ ಫಲಿಸಿತು. ಕಲ್ಲಿನಂತಾಗಿದೆ. ಸೋಮವಾರ ಬೆರಗಾಗುತ್ತಾರೆ."

ಅವರ ಷರತ್ತು ನನಗೆ ಮರೆತುಹೋಗಿತ್ತೇ? ಇಲ್ಲ. ಹಿಂದಿನ ದಿನದ ಪುಟದಲ್ಲಿ ಅದನ್ನೂ ಬರೆದಿದ್ದೇನೆ. ಮತ್ತೆ ಯಾಕೆ ಮಾಡಿದೆ ಎಂದು ಕೇಳಿಕೊಂಡರೆ ಸಿಗುವ ಉತ್ತರ ಇಷ್ಟೇ. ಇಷ್ಟು ಚೆಂದದ್ದನ್ನು ಯಾರಾದರೂ ಮನಸ್ಸಾರೆ ಕೆಡವುತ್ತಾರೆ ಎಂದು ನಾನು ಒಳಗಿನಿಂದ ನಂಬಿರಲಿಲ್ಲ. ಉಳಿಸುವ ದಾರಿ ಗೊತ್ತಿಲ್ಲದ್ದಕ್ಕೆ ಕೆಡವುತ್ತಾರೆ, ತೋರಿಸಿದರೆ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ನನಗೆ ಡಿಗ್ರಿ ಇತ್ತು, ಅವರಿಗೆ ಇರಲಿಲ್ಲ ಎಂಬುದೂ ಇದರಲ್ಲಿ ಸೇರಿತ್ತೇನೋ. ಸೇರಿತ್ತು ಎಂದೇ ಬರೆಯುತ್ತೇನೆ.

ಸೋಮವಾರ ಅವರು ಬಂದು ಮೇಜಿನ ಮೇಲಿನ ನೌಕೆಯನ್ನು ಸುತ್ತು ಹಾಕಿ ನೋಡಿದರು. "ಬಸ್ಸಿನ್ಯಾಗ ಎಷ್ಟು ಬಿದ್ದುವು?"

"ಒಂದೂ ಬಿದ್ದಿಲ್ಲ."

"ಒಂದೂ?" ಹುಬ್ಬೇರಿಸಿದರು. ನಾನು ಗುಟ್ಟು ಬಿಡಲಿಲ್ಲ. ಜನ ಸೇರಲಿ, ಎಲ್ಲರೆದುರು ಹೇಳೋಣ ಎಂದುಕೊಂಡೆ.

ಜನ ಸೇರಿದರು. ಅಯ್ಯನವರಿಗೆ ಮಾತು ಬಂತು. ಅಷ್ಟು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಇದು ನೋಡ್ರಿ, ನಲವತ್ತು ವರ್ಷದ ದಾರಿ. ಇಲ್ಲಿಂದ ಗಾಳಿ. ಇದು ಅಡಿಗಿ ಮನಿ. ಈಗ ನಿಮಗ ಒಳಗಿನ ತೋಟ ತೋರಿಸ್ತೀನಿ." ಚಾವಣಿಗೆ ಎರಡೂ ಕೈ ಹಾಕಿ ಎತ್ತಿದರು. ಬರಲಿಲ್ಲ. ಉಗುರು ಸೇರಿಸಿ ಎತ್ತಿದರು. ಇಡೀ ನೌಕೆ ಮೇಲೆದ್ದು ಬಂತು. ಅದನ್ನು ಹಾಗೇ ಮೂಗಿನ ಹತ್ತಿರ ಹಿಡಿದರು. ಸಂದಿಯಲ್ಲಿ ವಾಸನೆ ಉಳಿದಿರಬೇಕು.

"ಕ್ಲೋರೋಫಾರಂ" ಎಂದರು. ನನ್ನನ್ನು ನೋಡಿದರು.

ಸೈಕಲ್ ಕ್ಲಿಪ್ಪು ಹಾಕಿಕೊಂಡ ಒಬ್ಬಾತ, "ಎಲ್ಲೈತ್ರೀ ತೋಟ?" ಎಂದ.

ಅಯ್ಯನವರು ನೌಕೆಯನ್ನು ಮೆಲ್ಲಗೆ ಇಳಿಸಿದರು. "ಬೀಗ ಬಿದ್ದೈತಿ. ಒಳಗ ಐತಿ, ನಂಬ್ರಿ" ಎಂದು ಮುಂದಿನ ಭಾಗ ವಿವರಿಸತೊಡಗಿದರು. ಮೂರು ದಿನವೂ ಹಾಗೆಯೇ ಹೇಳಿದರು. ಬೀಗ ಬಿದ್ದೈತಿ, ಒಳಗ ಐತಿ. ಕೊನೆಯ ದಿನ ಕಾಲೇಜಿನ ಹೆಸರಿಗೆ ಒಂದು ಪ್ರಶಸ್ತಿಪತ್ರವೂ ಬಂತು. ಅದನ್ನು ಪ್ರಿನ್ಸಿಪಾಲರು ಚೌಕಟ್ಟು ಹಾಕಿಸಿದರು.

ಬುಧವಾರ ಸಂಜೆಯ ಬಸ್ಸಿನಲ್ಲಿ ನೌಕೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಂದಿನ ಸೀಟಿನಲ್ಲಿ ಕೂತಿದ್ದರು. ರಸ್ತೆಯ ಎರಡೂ ಬದಿ ಕಾಲುವೆ ನೀರು ನಿಂತ ಭತ್ತದ ಗದ್ದೆ. ನಾನು ಮುಂದೆ ಬಾಗಿ, "ಅಯ್ಯಾರ, ಬ್ಯಾರೆ ಡಬ್ಬಿ ತರಿಸಿಕೊಡ್ತೀನ್ರಿ" ಎಂದೆ.

"ತರಿಸ್ರಿ. ಅವಸರಿಲ್ಲ."

"ಸಿಟ್ಟು ಬಂದೈತೇನು?"

"ಸಿಟ್ಟು ಯಾಕ್ರಿ? ಉಳಿಸಾಕ ನೋಡಿದ್ರಿ ನೀವು." ಬುಟ್ಟಿಯನ್ನು ಸರಿಮಾಡಿಕೊಂಡು, ಹಿಂದೆ ತಿರುಗದೆ, "ನಾನು ಉಳಿಸಾಕಂತ ಕಟ್ಟಿದ್ದಿಲ್ಲ. ಅಷ್ಟ" ಎಂದರು.

ಗುರುವಾರ ಸಂಚಿಕೆ ಬಂತು. ಆ ದಿನ ಅವರು ಬಿಸಿನೀರು, ಬ್ಲೇಡು, ಸಣ್ಣ ಗರಗಸ ಎಲ್ಲ ಹಿಡಿದುಕೊಂಡು ಬ್ಯಾಲೆನ್ಸ್ ರೂಮಿನಲ್ಲಿ ಕೂತಿದ್ದರು. ಬಿಸಿನೀರಿಗೆ ಇಟ್ಟಂಗಿ ಸೊಟ್ಟಗಾದವು, ಬ್ಲೇಡಿಗೆ ಸೀಳಿದವು. ನನ್ನ ಹನಿ ತಾಕದೆ ಉಳಿದ ನಲವತ್ತೊಂದು ಮಾತ್ರ ಬಿಟ್ಟವು. ಅಷ್ಟರಲ್ಲಿ ಒಂದು ಮನೆಯೂ ಆಗುವುದಿಲ್ಲ. ನಾನು ಸೋದರಮಾವನಿಗೆ ಬರೆದು ಮದರಾಸಿನಿಂದ ಹೊಸ ಡಬ್ಬಿ ತರಿಸಿದೆ. ಅದು ಬೇರೆ ಕಂಪನಿಯದು. ಅಯ್ಯನವರು ಹಳೆಯ ಇಟ್ಟಂಗಿಯ ಮೇಲೆ ಹೊಸದನ್ನು ಒತ್ತಿದರು. ಜಾರಿತು. ಇನ್ನೊಂದನ್ನು ಒತ್ತಿದರು. "ಇವು ಕಚ್ಚೋದಿಲ್ಲ ಮೇಡಂ. ಗುಬುಟು ಸಣ್ಣವು." ಹೊಸ ಡಬ್ಬಿಯಷ್ಟರಿಂದಲೇ ಕಟ್ಟಬಹುದಲ್ಲ ಎಂದೆ. ಅದರಲ್ಲಿ ಇದ್ದದ್ದು ಅರವತ್ತು. ಆ ಡಬ್ಬಿ ಮೊಮ್ಮಗಳಿಗೆ ಹೋಯಿತು, ಮದುವೆಗೆ ಕಾಯದೆ.

ಕೊನೆಯ ಸಂಚಿಕೆಯನ್ನು ಅವರು ಓದಿಲ್ಲ ಎಂದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಅಂಚೆಯ ಕಾಗದದ ಪಟ್ಟಿ ಸುತ್ತಿದ್ದು ಸುತ್ತಿದಂತೆಯೇ ಅವರ ಕಪಾಟಿನಲ್ಲಿತ್ತು.

"ಓದ್ರಿ ಅಯ್ಯಾರ. ಕಟ್ಟದಿದ್ರ ಏನಾತು?"

"ಓದಿದ್ರ ಅವ್ರು ಮುಟ್ಟಿಬಿಡ್ತಾರ. ನಾನಿಲ್ಲೇ ಉಳೀತೀನಿ."

ಗಣಿತದವರಿಗೆ ಇದು ಹೇಗೋ ಗೊತ್ತಾಗಿ ಹೋಯಿತು. "ಅಯ್ಯಾರ, ಹೇಳ್ಲೇನು? ಅವರು ಬತಿಕಾರೋ ಲೇದೋ, ಉಳಿದ್ರೋ ಇಲ್ಲೋ ಹೇಳ್ಲೇನು?" ಎಂದು ವರಾಂಡದಲ್ಲಿ ಬೆನ್ನಟ್ಟುವರು. ಅಯ್ಯನವರು ಎರಡೂ ಕಿವಿ ಮುಚ್ಚಿಕೊಂಡು ನಗುತ್ತಾ ಓಡುವರು. ಒಂದು ದಿನ ಓಡಲಿಲ್ಲ. ನಿಂತು, ಕೈ ಮುಗಿದು, "ಸರ್, ಬ್ಯಾಡ್ರಿ" ಎಂದರು. ಗಣಿತದವರ ಮುಖ ಸಣ್ಣದಾಯಿತು. ಮತ್ತೆಂದೂ ಕೆಣಕಲಿಲ್ಲ. ನಾನು ಆ ಅಧ್ಯಾಯವನ್ನು ಓದಿದ್ದೆ. ಓದಿದ್ದೇನೆಂದು ಅವರಿಗೂ ಗೊತ್ತಿತ್ತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮರುವರ್ಷ ನನಗೆ ಬಳ್ಳಾರಿಗೆ ವರ್ಗವಾಯಿತು. ಹಬ್ಬಕ್ಕೆ ಒಂದು ಕಾರ್ಡು, ಎಂದಾದರೂ ಬಸ್ ನಿಲ್ದಾಣದಲ್ಲಿ ನಾಲ್ಕು ಮಾತು. ಅವರು ನಿವೃತ್ತರಾಗಿ ಊರು ಸೇರಿದ ಮೇಲೆ ಬೇರೆಯವರ ಅಕ್ಷರದಲ್ಲಿ ಒಂದು ಕಾರ್ಡು ಬಂತು. "ಕಣ್ಣಿಗೆ ಪೊರೆ ಬಂದಿದೆ. ಬಿಡುವಾದರೆ ಒಮ್ಮೆ ಬರಬೇಕು. ಓದುವ ಕೆಲಸವಿದೆ."

ಒಂದು ಭಾನುವಾರ ಬೆಳಿಗ್ಗೆ ಕುರುಗೋಡಿಗೆ ಹೋದೆ. ಗುಡ್ಡದ ಬುಡದಲ್ಲಿ ಕಲ್ಲುಚಪ್ಪಡಿಯ ಮನೆ. ಅವರ ಹೆಂಡತಿಯನ್ನು ನಾನು ಆವತ್ತೇ ಮೊದಲು ನೋಡಿದ್ದು. ನೀರು ಕೊಡುತ್ತಾ, "ನೀವ ಏನವಾ ಔಷಧಿ ಹಾಕಿದಾಕಿ?" ಎಂದರು. ಅಯ್ಯನವರು ಪಡಸಾಲೆಯಿಂದಲೇ, "ಏ ಸುಮ್ನಿರ. ಒಳಗ ಬರ್ರಿ ಮೇಡಂ" ಎಂದರು.

"ಸುಳ್ಳು ಹೇಳಿದ್ನೇನು? ಆರು ವರ್ಷಾತು, ಆ ಪೇಪರಿನ ಸುರುಳಿ ಬಿಚ್ಚಿಲ್ಲ. ನಾ ಬಿಚ್ಚಾಕ ಹೋದ್ರ ಕೈ ಮ್ಯಾಲೆ ಹೊಡೀತಾರ" ಎಂದು ನಗುತ್ತಾ ಆಕೆ ಒಳಗೆ ಹೋದರು.

ಅಯ್ಯನವರು ಸುರುಳಿಯನ್ನು ನನ್ನ ಕೈಗೆ ಕೊಟ್ಟರು. ಒಂದು ಕಣ್ಣು ಪೂರಾ ಬೆಳ್ಳಗಾಗಿತ್ತು. "ಆಪರೇಶನ್ನಿಗೆ ಹೋಗಬೇಕು. ಕಣ್ಣು ಬರ್ತಾವೋ ಇಲ್ಲೋ. ಅದಕ್ಕ ಇದೊಂದು ಮುಗಿಸಿಬಿಡೋಣ ಅಂತ. ನಾ ಹೇಳಿದ ಕಡಿ ನಿಲ್ಲಿಸಬೇಕು ಮತ್ತ."

ಕಾಗದ ಹಳದಿಯಾಗಿತ್ತು. ನಾನು ಮೊದಲ ಪ್ಯಾರಾ ಓದಿದೆ. ನೌಕೆ ಹೊಸ ನೆಲಕ್ಕೆ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ.

"ನಿಲ್ರಿ" ಎಂದರು.

ಕಂಬಕ್ಕೆ ಒರಗಿ, ಕಾಲು ಮಡಚಿ, ಕಣ್ಣು ಮುಚ್ಚಿಕೊಂಡಿದ್ದರು. ಎರಡೂ ಕೈ ತೊಡೆಯ ಮೇಲೆ. ಆ ಕೈಗಳು ಅಲುಗತೊಡಗಿದವು. ಎಡಗೈ ಹಿಡಿಯಿತು, ಬಲಗೈಯ ಹೆಬ್ಬೆರಳು ಒತ್ತಿತು. ಪಕ್ಕಕ್ಕೆ ಕೈಚಾಚಿ, ಅಲ್ಲಿ ಇಲ್ಲದ ಡಬ್ಬಿಯಿಂದ ಇನ್ನೊಂದನ್ನು ತೆಗೆದು, ತಿರುಗಿಸಿ ನೋಡಿ, ಒತ್ತಿದರು. ನಾನು ಬೆರಳಿಟ್ಟ ಸಾಲನ್ನು ಬಿಡದೆ ಕಾದೆ. ಐದು ನಿಮಿಷವಾದರೂ ಆಗಿರಬೇಕು.

"ಹೂಂ. ಮುಂದ."

ಏಳು ಕುಟುಂಬಗಳು ನೌಕೆಯನ್ನು ಪೂರ್ತಿ ಬಿಚ್ಚುತ್ತವೆ, ಬಿಚ್ಚಿದ್ದರಿಂದ ಏಳು ಮನೆ ಕಟ್ಟುತ್ತವೆ. ಅದೇ ಆ ಅಧ್ಯಾಯ. ಅಯ್ಯನವರ ಕೈಗಳು ಮೊದಲು ಬಿಚ್ಚಿದವು, ಬಹಳ ಹೊತ್ತು. ಆಮೇಲೆ ಒಂದನೇ ಮನೆ.

"ಬಾಗಿಲು ಯಾವ ದಿಕ್ಕಿಗಂತ?"

"ಬರದಿಲ್ಲ ಅಯ್ಯಾರ."

"ಬರದಿಲ್ಲಂದ್ರ ಬಾಗಿಲಾ ಇಲ್ಲ. ಕಿಟಕಿಯಾಗ ಹಾದು ಹೋಗ್ಲಿ. ಮುಂದ."

ಎರಡನೇ ಮನೆಗೆ ಅಂಗಳ, ಮೂರನೆಯದಕ್ಕೆ ಎತ್ತರದ ಕಟ್ಟೆ. ನಡುವೆ ಅವರ ಹೆಂಡತಿ ಚಹಾ ತಂದು, ಗಂಡನ ಕೈ ನೋಡಿ, ಸದ್ದು ಮಾಡದೆ ಲೋಟವನ್ನು ಗೋಡೆಯ ಬದಿಗಿಟ್ಟು ಅಲ್ಲೇ ಕೂತರು. ಅದು ಆರಿಹೋಯಿತು. ನಾಲ್ಕು, ಐದು, ಆರು ಮನೆಗಳೂ ಆದವು. ಏಳನೆಯ ಮನೆ ಕತೆಯಲ್ಲಿ ಎಲ್ಲರಿಗಿಂತ ಹಿರಿಯ ಮುದುಕಿಯದು. ದಾರಿಯಲ್ಲಿ ಹುಟ್ಟದೆ, ಭೂಮಿಯಲ್ಲೇ ಹುಟ್ಟಿ ಬಂದವಳು ಅವಳೊಬ್ಬಳೇ ಉಳಿದಿರುತ್ತಾಳೆ. ಅವಳ ಮನೆಯ ಗೋಡೆಗಳು ಎದ್ದವು. ಆಮೇಲೆ ಅಯ್ಯನವರ ಕೈ ಡಬ್ಬಿಯ ಕಡೆ ಹೋಗಿ, ಅಲ್ಲೇ ನೆಲ ತಡವುತ್ತಾ ನಿಂತಿತು.

"ಇನ್ನೆಷ್ಟು ಸಾಲು ಅದಾವ?"

"ಎರಡು. ಆಕಿ ಒಳಗ ಹೋಗ್ತಾಳ. ಚಾವಣಿ ಮುಚ್ಚತಾರ. ಮುಗೀತು."

ಕೈ ಬಹಳ ಹೊತ್ತು ಅಲುಗಲಿಲ್ಲ. ಬೆರಳು ಮಡಚಿ ಏನನ್ನೋ ಎಣಿಸಿದರು. ತುಟಿ ಅಲುಗುತ್ತಿತ್ತು.

"ಆಗೋದಿಲ್ಲ" ಎಂದರು.

"ಏನು ಆಗೋದಿಲ್ರಿ?"

"ಏಳನೇ ಮನಿಗೆ ಚಾವಣಿ ಬರೋದಿಲ್ಲ. ಆರು ಇಟ್ಟಂಗಿ ಕಡಿಮಿ ಬೀಳ್ತಾವ." ಕಣ್ಣು ತೆರೆದು ನಾನಿದ್ದ ಕಡೆ ತಿರುಗಿದರು. "ಅವತ್ತು ಮುನ್ನೂರ ಹನ್ನೆರಡೂ ನನ್ನ ಕೈಯಾಗಿದ್ರೂ ಇದು ಆಗ್ತಿದ್ದಿಲ್ಲ, ಮೇಡಂ. ನೀವು ಅಂಟಿಸಿದ್ದಕ್ಕಲ್ಲ. ಆರು ಕಡಿಮೀನ ಬೀಳ್ತಿದ್ದುವು."

ಅವರ ಹೆಂಡತಿ ನನ್ನನ್ನು ನೋಡಿದರು, ಆಮೇಲೆ ನೆಲ ನೋಡಿದರು. ಹೊಸ ಪೆಟ್ಟಿಗೆಯಿಂದ ತೆಗೆದ ಆ ಬ್ಯುರೆಟ್ಟು ನನಗೆ ನೆನಪಾಯಿತು.

"ಇನ್ನೊಂದು ಸಲ ಎಣಿಸ್ರಿ ಅಯ್ಯಾರ" ಎಂದೆ.

ಅವರು ತೊಡೆಯ ಮೇಲಿನದನ್ನು ಎರಡೂ ಅಂಗೈಯಿಂದ ಬದಿಗೆ ಸರಿಸಿ, ಪಂಚೆ ಕೊಡವಿಕೊಂಡರು.

"ಆಗ್ಲೇ ಕೆಡವಿಬಿಟ್ಟೆನಲ್ರೀ."